ಗುಂಡಿಯೊಳಗಿನ ಗಾಳಿ

ಯೋಗಿ ಗುಂಡಿಗೆ ಇಳಿದಾಗ ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಶಿವಮೊಗ್ಗದ ಕೋಟೆಗೆ ಸಮೀಪದ ಖಾಲಿ ಜಾಗದಲ್ಲಿ ಆರಡಿ ಉದ್ದ, ಐದಡಿ ಅಗಲ, ಆರಡಿ ಆಳದ ಗುಂಡಿ ತೋಡಿದ್ದರು. ಟೇಪು ಹಿಡಿದು ನಾನೇ ಅಳೆದುಕೊಂಡಿದ್ದೆ. ಅವರು ಪದ್ಮಾಸನ ಹಾಕಿದ ಮೇಲೆ ಶಿಷ್ಯರು ಹಲಗೆ ಜೋಡಿಸಿ, ಗೋಣಿ ಹಾಸಿ, ಒಂದಡಿ ಮಣ್ಣು ಮುಚ್ಚಿದರು. ಇಪ್ಪತ್ನಾಲ್ಕು ಗಂಟೆ ಉಸಿರನ್ನೂ ಹೃದಯವನ್ನೂ ನಿಲ್ಲಿಸಿ ಕೂರುತ್ತಾರೆ ಎಂದು ಮೈಕಿನಲ್ಲಿ ಸಾರಿದರು.

ನಾನು ಆಗ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಅನಿಲ ಪರೀಕ್ಷಕನಾಗಿದ್ದೆ. ಟ್ಯಾಂಕೋ ಕೊಳವೆಯೋ ನೆಲಮಾಳಿಗೆಯೋ, ಗಾಳಿಯಾಡದ ಜಾಗಕ್ಕೆ ಯಾರೇ ಇಳಿಯುವುದಿದ್ದರೂ ಮೊದಲು ಒಳಗಿನ ಗಾಳಿಯನ್ನು ಪರೀಕ್ಷಿಸಿ ಪರ್ಮಿಟ್ಟಿಗೆ ಸಹಿ ಹಾಕುವುದು ನನ್ನ ಕೆಲಸ. ಮುಚ್ಚಿದ ಜಾಗದಲ್ಲಿ ಮನುಷ್ಯ ಎಷ್ಟು ಹೊತ್ತು ಬದುಕುತ್ತಾನೆ ಎಂಬ ಲೆಕ್ಕ ನನಗೆ ಬಾಯಿಪಾಠವಾಗಿತ್ತು. ಜೇಬಿನ ಡೈರಿಯಲ್ಲಿ ಗುಣಿಸಿ ಭಾಗಿಸಿ ನೋಡಿದೆ. ಎಂಟು ಗಂಟೆ ಕಳೆದರೆ ಪ್ರಜ್ಞೆ ಉಳಿಯುವಂತಿರಲಿಲ್ಲ. ಅಂದರೆ ಒಳಗೆ ಎಲ್ಲೋ ಪೈಪು ಇದೆ. ಪಕ್ಕದಲ್ಲಿ ಕೈಮುಗಿದು ನಿಂತಿದ್ದವನಿಗೆ ಅದನ್ನು ಸ್ವಲ್ಪ ಜೋರಾಗಿಯೇ ಹೇಳಿದೆ. ಸುತ್ತಲಿನವರು ತಿರುಗಿ ನೋಡಿದರು.

ಅವನು ನಮ್ಮದೇ ಕಾರ್ಖಾನೆಯ ಕ್ರೇನ್ ಆಪರೇಟರ್. ಕರಗಿದ ಕಬ್ಬಿಣ ತುಂಬಿದ ಬಾನಿಯನ್ನು ಜನರ ತಲೆಯ ಮೇಲಿಂದ ಸಾಗಿಸುವವನು. ಹಿಂದೆ ಕುಡಿಯುತ್ತಿದ್ದ. ಯೋಗಿಯ ಬಳಿ ಪ್ರಾಣಾಯಾಮ ಕಲಿಯಲು ಹೋದ ಮೇಲೆ ಬಿಟ್ಟಿದ್ದ. ಆ ಉಪಕಾರವನ್ನು ನಾನೂ ಅಲ್ಲಗಳೆಯಲಾರೆ. ಅವನು ನನ್ನ ಕಡೆ ನೋಡದೆ, "ಕಾದು ನೋಡು ಮಾರಾಯ" ಎಂದಷ್ಟೇ ಹೇಳಿದ.

ಮರುದಿನ ಬೆಳಗ್ಗೆ ಒಂಬತ್ತು ಹತ್ತಕ್ಕೆ ಸರಿಯಾಗಿ ಮಣ್ಣು ತೆಗೆದರು. ಯೋಗಿ ಬೆವರಿನಲ್ಲಿ ತೊಯ್ದು ಹೋಗಿದ್ದರು. ತುಟಿ ಒಣಗಿತ್ತು. ಇಬ್ಬರು ಹಿಡಿದು ಮೇಲೆತ್ತಿದರು. ಐದು ನಿಮಿಷದ ನಂತರ ಕಣ್ಣು ತೆರೆದು ಕೈಯೆತ್ತಿದರು. ಜನ ಅವರ ಕಾಲಿಗೆ ಬೀಳಲು ನುಗ್ಗುತ್ತಿದ್ದಾಗ ನಾನು ಹಾರೆ ಹಿಡಿದು ಗುಂಡಿಗೆ ಧುಮುಕಿದೆ. ನಾಲ್ಕು ಗೋಡೆ, ನೆಲ, ಮೂಲೆ ಎಲ್ಲವನ್ನೂ ಚುಚ್ಚಿ ನೋಡಿದೆ. ಗಟ್ಟಿ ಮಣ್ಣು ಬಿಟ್ಟು ಏನೂ ಇರಲಿಲ್ಲ. ಮೇಲಿನಿಂದ ಯಾರೋ ತುಂಬ ವಿನಯದಿಂದ "ಪೈಪ್ ಸಿಕ್ತಾ ಸಾರ್?" ಎಂದು ಕೇಳಿದರು. ಸುತ್ತ ನಿಂತವರೆಲ್ಲ ನಕ್ಕರು. ಆ ನಗುವಿನ ಮಧ್ಯೆ ಆರಡಿಯ ಗುಂಡಿಯಿಂದ ಏಣಿಯಿಲ್ಲದೆ ಹತ್ತಿ ಬಂದದ್ದು ಈಗಲೂ ನೆನಪಿದೆ.

ನನ್ನ ತಪ್ಪು ಎಲ್ಲಿದೆ ಎಂದು ತೋರಿಸಿದವರು ರವೀಂದ್ರನಗರದಲ್ಲಿದ್ದ ರಸಾಯನಶಾಸ್ತ್ರದ ಉಪನ್ಯಾಸಕಿ. ತಿಂಗಳಿಗೊಮ್ಮೆ ಅವರ ಮನೆಯ ಜಗಲಿಯಲ್ಲಿ ನಾವು ಐದಾರು ಜನ ಸೇರಿ ವಿಜ್ಞಾನದ ವಿಷಯ ಮಾತಾಡುತ್ತಿದ್ದೆವು. ನನ್ನ ಡೈರಿ ತಿರುವಿ ಹಾಕಿದ ಮೇಡಂ ಒಂದು ಅಂಕಿಯ ಮೇಲೆ ಬೆರಳಿಟ್ಟರು.

"ಇದು ಹಾರೆ ಹಿಡಿದು ದುಡಿಯೋನ ಉಸಿರಿನ ಲೆಕ್ಕ ಅಲ್ವಾ? ಅವ್ರು ಕಣ್ಮುಚ್ಚಿ ಕೂತಿದ್ರು. ಕೂತವ್ರಿಗೆ ಇದರ ಕಾಲುಭಾಗ ಸಾಕು."

ನಿಜ. ಕಾರ್ಖಾನೆಯ ಕೈಪಿಡಿ ಕೆಲಸಗಾರರಿಗಾಗಿ ಬರೆದದ್ದು. ಅದರ ಅಂಕಿಯನ್ನು ಹಾಗೆಯೇ ಎತ್ತಿ ತಂದಿದ್ದೆ. ಇನ್ನೊಂದು ವಿಷಯವನ್ನೂ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಲಗೆಯ ಸಂದು, ಗೋಣಿ, ಆಗಷ್ಟೇ ಅಗೆದ ಸಡಿಲ ಮಣ್ಣು ಇವುಗಳ ಮೂಲಕ ಗಾಳಿ ನಿಧಾನವಾಗಿಯಾದರೂ ಓಡಾಡುತ್ತದೆ. ಎರಡನ್ನೂ ಸೇರಿಸಿ ಹೊಸದಾಗಿ ಲೆಕ್ಕ ಹಾಕಿದಾಗ ಇಪ್ಪತ್ನಾಲ್ಕು ಗಂಟೆ ಕಷ್ಟದ್ದಾಗಿ ಕಂಡಿತೇ ಹೊರತು ಅಸಾಧ್ಯದ್ದಾಗಿ ಕಾಣಲಿಲ್ಲ. ಪೈಪೂ ಬೇಡ, ಉಸಿರು ನಿಲ್ಲಿಸುವುದೂ ಬೇಡ. ಗಾಬರಿಯಾಗದೆ ಕೂರುವ ಮನಸ್ಸಿದ್ದರೆ ಸಾಕು. ಯೋಗಿ ಮೋಸ ಮಾಡಿರಲಿಲ್ಲ, ಪವಾಡವನ್ನೂ ಮಾಡಿರಲಿಲ್ಲ.

ಇಷ್ಟು ತಿಳಿದ ಮೇಲೆ ನಾನು ಸುಮ್ಮನಿರಬೇಕಿತ್ತು. ಆದರೆ ಗುಂಡಿಯಲ್ಲಿ ಕೇಳಿದ ನಗು ಕಿವಿಯಲ್ಲಿತ್ತು. ಮರುದಿನ ಕ್ಯಾಂಟೀನಿನಲ್ಲಿ ಏಳೆಂಟು ಜನರ ಎದುರು ಕ್ರೇನ್ ಆಪರೇಟರನನ್ನು ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದೆ. ಉಳಿದವರು ತಲೆದೂಗಿದರು. ಅವನು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು, ಮಣ್ಣಿನಿಂದ ಗಾಳಿಯೇ ಬಾರದ ಹಾಗೆ ಮಾಡಿದರೆ ಏನನ್ನುತ್ತೀಯ ಎಂದು ಕೇಳಿದ.

"ಹಂಗೆ ಮಾಡಿ ಮೂರು ದಿನ ಕೂತ್ಕೊಂಡ್ರೆ ಒಪ್ತೀನಿ" ಎಂದೆ. ಎಲ್ಲರೂ ನಕ್ಕರು. ಈ ಸಲದ ನಗು ನನ್ನ ಪರವಾಗಿತ್ತು. ಅವನು ಮಾತ್ರ ನಗಲಿಲ್ಲ.

ಹತ್ತು ದಿನ ಕಳೆದಿರಬೇಕು. ಸಂಜೆ ಶಿಫ್ಟ್ ಮುಗಿಸಿ ಬಂದಾಗ ಅವನ ಹೆಂಡತಿ ನಮ್ಮ ಮನೆಯ ಬಾಗಿಲಲ್ಲಿ ಕೂತಿದ್ದಳು. ಮನೆಮಾತು ತಮಿಳು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಅವಳು ಹೇಳಿದ್ದು ಇದು. ಊರ ಹೊರಗೆ ತಾವು ಮನೆ ಕಟ್ಟಲು ಇಟ್ಟುಕೊಂಡ ಸೈಟಿನಲ್ಲಿ ಗಂಡ ಗುಂಡಿ ತೋಡಿದ್ದಾನೆ. ಮುಂದಿನ ಸೋಮವಾರದಿಂದ ಮೂರು ದಿನ ರಜೆ ಬರೆದಿದ್ದಾನೆ. ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಹಸಿ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಮಣ್ಣು ಹಾಕಬೇಕೆಂದು ಗೆಳೆಯರಿಗೆ ಹೇಳಿದ್ದಾನೆ. ಗುರುಗಳಿಗೆ ತಿಳಿಸಿಲ್ಲ. ಗುರುಗಳ ಹೆಸರು ಉಳಿಸಲು ಮಾಡುತ್ತಿರುವ ಕೆಲಸವಂತೆ.

"ನಿಮ್ಮ ಮಾತಿಗೇ ಹಟ ಹಿಡಿದಿರೋದು ಅವ್ರು. ನೀವೇ ಬಿಡಿಸ್ಬೇಕು" ಎಂದಳು. ಅಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೇಳಿದಳು.

ಆ ಸಂಜೆಯೇ ಸೈಟಿಗೆ ಹೋಗಿ ಅಳತೆ ತೆಗೆದೆ. ಐದಡಿ ಉದ್ದ, ನಾಲ್ಕಡಿ ಅಗಲ, ಐದಡಿ ಆಳ. ಯೋಗಿಯ ಗುಂಡಿಯ ಸುಮಾರು ಅರ್ಧದಷ್ಟು ಗಾಳಿ. ಈ ಸಲ ಕೂತವನ ಲೆಕ್ಕವನ್ನೇ ಹಾಕಿದೆ. ಸಂಪೂರ್ಣ ಮುಚ್ಚಿದರೆ ಮೊದಲ ದಿನ ದಾಟುವುದಿಲ್ಲ. ಆಮ್ಲಜನಕ ಮುಗಿಯುವ ಮೊದಲೇ ತಾನು ಬಿಟ್ಟ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡೇ ಅವನನ್ನು ಮಲಗಿಸುತ್ತದೆ. ಮೇಲೆ ಕಾಯುವವರು ಸಮಾಧಿಯಲ್ಲಿದ್ದಾನೆ ಎಂದುಕೊಂಡು ಇನ್ನೆರಡು ದಿನ ಭಜನೆ ಮಾಡುತ್ತಾರೆ.

ಪೊಲೀಸರಿಗೆ ಹೇಳೋಣವೆಂದು ಹೊರಟವನನ್ನು ಮೇಡಂ ತಡೆದರು. ಈ ಸೈಟಿನಲ್ಲಿ ನಿಲ್ಲಿಸಿದರೆ ಯಾರಿಗೂ ಗೊತ್ತಾಗದ ಇನ್ನೊಂದು ಜಾಗದಲ್ಲಿ ಮಾಡುತ್ತಾನೆ, ಆಗ ಯಾರು ಕಾಯುತ್ತಾರೆ ಎಂದು ಕೇಳಿದರು. ಎರಡು ದಿನ ನಾನು ಅವನ ಹಿಂದೆ ಬಿದ್ದೆ. ಲೆಕ್ಕ ತೋರಿಸಿದೆ. ಕ್ಷಮೆ ಕೇಳಿದೆ. ಕ್ಯಾಂಟೀನಿನಲ್ಲಿ ಆಡಿದ ಮಾತನ್ನು ಅದೇ ಜನರ ಎದುರು ಹಿಂತೆಗೆದುಕೊಳ್ಳುತ್ತೇನೆ ಎಂದೆ. ಅವನಿಗೆ ಕೋಪವೂ ಇರಲಿಲ್ಲ. ಹೋದ ಸಲವೂ ನಿನ್ನ ಲೆಕ್ಕ ಹೀಗೆಯೇ ಹೇಳಿತ್ತಲ್ಲ ಎಂದು ನಕ್ಕ.

ಶುಕ್ರವಾರ ಕೆಲಸದ ಮಧ್ಯೆ ತಲೆಯೆತ್ತಿ ನೋಡಿದೆ. ಅವನು ಕ್ರೇನಿನ ಗೂಡಿನಲ್ಲಿ ಕೂತಿದ್ದ. ಕೆಳಗಿನವನು ಕೈ ಸನ್ನೆ ಮಾಡಿದಂತೆ ಬಾನಿ ಒಂದೊಂದೇ ಅಡಿ ಸರಿಯುತ್ತಿತ್ತು. ಸನ್ನೆ ಸ್ವಲ್ಪ ಅಸ್ಪಷ್ಟವಾಯಿತೇನೋ, ಅವನು ತಟ್ಟನೆ ನಿಲ್ಲಿಸಿ, ಕೆಳಗಿನವನು ಇನ್ನೊಮ್ಮೆ ತೋರಿಸುವವರೆಗೂ ಕಾದ. ತನ್ನ ಜೀವವನ್ನು ಲೆಕ್ಕಕ್ಕೆ ಹಿಡಿಯದವನು ಇನ್ನೊಬ್ಬರ ಜೀವದ ವಿಷಯದಲ್ಲಿ ಕೂದಲೆಳೆಯಷ್ಟೂ ಅಪಾಯಕ್ಕೆ ಎಡೆಗೊಡುವುದಿಲ್ಲ. ನನಗೆ ಆಗಲೇ ದಾರಿ ಹೊಳೆಯಿತು.

ಶಿಫ್ಟ್ ಮುಗಿದ ಮೇಲೆ ಗೇಟಿನಲ್ಲಿ ಅವನನ್ನು ಹಿಡಿದು ಹೇಳಿದೆ: "ಸೋಮವಾರ ನೀನು ಇಳೀಬೇಕು ಅಂದ್ರೆ ಭಾನುವಾರ ನಾನು ಇಳೀತೀನಿ. ಅದೇ ಗುಂಡಿ, ಅದೇ ಪ್ಲಾಸ್ಟಿಕ್. ಮೇಲೆ ಹಗ್ಗ ಹಿಡಿಯೋನು ನೀನು."

ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. "ನಿಂಗೇನಾದ್ರೂ ಆದ್ರೆ?"

"ಅದನ್ನ ನೋಡ್ಕೊಳ್ಳೋಕೆ ನೀನಿರ್ತೀಯಲ್ಲ."

ಅವನು ಒಪ್ಪಿದ. ಒಪ್ಪುವಾಗ ಅವನ ಮುಖದಲ್ಲಿ ಮೊದಲ ಬಾರಿಗೆ ಅಳುಕು ಕಂಡಿತು.

ತಯಾರಿಗೆ ಇದ್ದದ್ದು ಒಂದೂವರೆ ದಿನ. ಕಾರ್ಖಾನೆಯ ಮೀಟರನ್ನು ಗೇಟಿನಾಚೆ ಒಯ್ಯಲು ನಮ್ಮ ಅಧಿಕಾರಿ ಒಪ್ಪಲಿಲ್ಲ. ಅವರು ಮಾಡಿದ್ದು ಸರಿಯೇ. ಮೇಡಂ ತಮ್ಮ ಕಾಲೇಜಿನ ಪ್ರಯೋಗಾಲಯದ ಕಪಾಟಿನಲ್ಲಿ ಬಹಳ ವರ್ಷ ಧೂಳು ತಿಂದಿದ್ದ ಆರ್ಸಾಟ್ ಉಪಕರಣವನ್ನು ಅನುಮತಿ ಪಡೆದು ತಂದರು. ಹೊಗೆಯ ಅನಿಲಗಳನ್ನು ಅಳೆಯುವ ಹಳೆಯ ಗಾಜಿನ ಸಲಕರಣೆ ಅದು. ನೂರು ಭಾಗ ಗೆರೆ ಹಾಕಿದ ಗಾಜಿನ ಕೊಳವೆಗೆ ಗಾಳಿ ತುಂಬಬೇಕು. ಆ ಗಾಳಿಯನ್ನು ಪೊಟ್ಯಾಷ್ ದ್ರಾವಣದ ಬುಡ್ಡಿಗೆ ನಾಲ್ಕು ಸಲ ಕಳಿಸಿ ವಾಪಸು ತರಬೇಕು. ದ್ರಾವಣ ಇಂಗಾಲದ ಡೈಆಕ್ಸೈಡನ್ನು ಮಾತ್ರ ನುಂಗುತ್ತದೆ. ನುಂಗಿದಷ್ಟು ಗಾಳಿ ಕಡಿಮೆಯಾಗಿ ಕೊಳವೆಯಲ್ಲಿ ನೀರು ಮೇಲೇರುತ್ತದೆ. ಎಷ್ಟು ಗೆರೆ ಏರಿತೋ ನೂರರಲ್ಲಿ ಅಷ್ಟು ಭಾಗ ವಿಷಗಾಳಿ. ಓದು ಬರಹ ಬಾರದವರೂ ಕಣ್ಣಾರೆ ನೋಡಬಹುದು.

ಮೇಡಂ ಹೊಸ ದ್ರಾವಣ ಮಾಡಿ ಸಂದುಗಳಿಗೆ ಗ್ರೀಸ್ ಹಚ್ಚಿದರು. ನಾನು ಗಾಂಧಿ ಬಜಾರಿಗೆ ಹೋಗಿ ನಾಲ್ಕು ಫುಟ್ಬಾಲ್ ಬ್ಲ್ಯಾಡರ್, ರಬ್ಬರ್ ಕೊಳವೆ, ಕೈ ಪಂಪಿಗೆ ಬೇಕಾದ ವಾಷರ್ ತಂದೆ. ಗುಂಡಿಯ ಗಾಳಿಯನ್ನು ಕೊಳವೆಯ ಮೂಲಕ ಪಂಪಿನಿಂದ ಎಳೆದು ಬ್ಲ್ಯಾಡರಿಗೆ ತುಂಬಿಕೊಂಡು ಪರೀಕ್ಷಿಸುವುದು ನಮ್ಮಲ್ಲಿನ ಹಳೆಯ ಪದ್ಧತಿ. ಕಾರ್ಖಾನೆಯ ನಮೂನೆ ನೋಡಿಕೊಂಡು ಬಿಳಿ ಹಾಳೆಯ ಮೇಲೆ ಪರ್ಮಿಟ್ ಬರೆದೆ. ಹತ್ತು ನಿಮಿಷಕ್ಕೊಮ್ಮೆ ಮೇಲಿನವನು ಹಗ್ಗ ಎಳೆಯಬೇಕು. ಒಳಗಿನವನು ಎರಡು ಸಲ ಎಳೆದು ಉತ್ತರಿಸಬೇಕು. ಉತ್ತರ ಬರದಿದ್ದರೆ ತಕ್ಷಣ ಪ್ಲಾಸ್ಟಿಕ್ ಹರಿಯಬೇಕು. ಮೂರು ಗೆರೆ ಮುಟ್ಟಿದರೆ ತೆರೆಯಬೇಕು. ಕಾವಲಿನವನಿಗೆ ಸಂಶಯ ಬಂದರೆ ಯಾರನ್ನೂ ಕೇಳದೆ ತೆರೆಯುವ ಅಧಿಕಾರವಿದೆ. ಕೊನೆಯ ಸಾಲನ್ನು ಕ್ರೇನ್ ಆಪರೇಟರ್ ಎರಡು ಬಾರಿ ಓದಿ ಸಹಿ ಹಾಕಿದ.

ಭಾನುವಾರ ಬೆಳಗ್ಗೆ ಎಂಟಕ್ಕೆ ಇಳಿದೆ. ಮೇಲೆ ಮೇಡಂ, ಅವರ ಪರಿಚಯದ ಒಬ್ಬ ವೈದ್ಯರು, ಕ್ರೇನ್ ಆಪರೇಟರ್, ಅವನ ಹೆಂಡತಿ, ಯೋಗಿಯ ಶಿಷ್ಯರು ಇಪ್ಪತ್ತು ಜನ. ನನ್ನ ಬಳಿ ಗೋಣಿಚೀಲ, ಬ್ಯಾಟರಿ, ನೀರು, ಅಂದಿನ ಪೇಪರು. ಮಂತ್ರ ಗೊತ್ತಿಲ್ಲ, ಆಸನ ಬರುವುದಿಲ್ಲ. ಬೆನ್ನು ಗೋಡೆಗೆ ಆನಿಸಿ ಕಾಲು ಮಡಚಿ ಕೂತೆ. ಹಲಗೆ ಮುಚ್ಚಿದರು. ಪ್ಲಾಸ್ಟಿಕ್ ಸರಸರ ಸದ್ದು ಮಾಡಿತು. ಅಂಚಿಗೂ, ಹಗ್ಗ ಮತ್ತು ರಬ್ಬರ್ ಕೊಳವೆ ತೂರಿಸಿದ ತೂತಿಗೂ ಜೇಡಿಮಣ್ಣು ಮೆತ್ತುವ ಪಟಪಟ, ಆಮೇಲೆ ಮಣ್ಣು ಬೀಳುವ ಸದ್ದು. ಕೊನೆಗೆ ನನ್ನ ಉಸಿರಿನ ಸದ್ದು ಮಾತ್ರ ಉಳಿಯಿತು. ಸಾವಿರಾರು ಸಲ ಇತರರನ್ನು ಇಳಿಸಿದ್ದೆ. ನಾನೇ ಕೂತು ಬಾಗಿಲು ಮುಚ್ಚಿಸಿಕೊಂಡದ್ದು ಅದೇ ಮೊದಲು. ಮೊದಲ ಅರ್ಧ ಗಂಟೆ ಭಯವಾಯಿತು. ಹಗ್ಗದ ಎಳೆತ ಬಂದಾಗಲೆಲ್ಲ ಸಮಾಧಾನವಾಗುತ್ತಿತ್ತು.

ಮೇಲೆ ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಒಂದು ಗಂಟೆಯ ನಂತರ ಮೊದಲ ಪರೀಕ್ಷೆ ಮಾಡಿದಾಗ ನೀರು ಕೂದಲೆಳೆಯಷ್ಟೂ ಏರಲಿಲ್ಲ. ಶಿಷ್ಯರಲ್ಲಿ ಗುಜುಗುಜು ಶುರುವಾಯಿತು. ವಿಷವೂ ಇಲ್ಲ ಏನೂ ಇಲ್ಲ, ಎಲ್ಲ ಹೆದರಿಸುವ ಮಾತು ಎಂದರು. ಮೇಡಂ ಗುಂಡಿಯಿಂದ ಬಂದ ರಬ್ಬರ್ ಕೊಳವೆಯ ಉದ್ದಕ್ಕೂ ಸೋಪಿನ ನೊರೆ ಹಚ್ಚುತ್ತ ಬಂದರು. ಪಂಪಿನ ಹತ್ತಿರದ ಸಂದಿನಲ್ಲಿ ನೊರೆ ಒಳಕ್ಕೆ ಎಳೆದುಕೊಂಡಿತು. ಅಲ್ಲಿ ಹೊರಗಿನ ಗಾಳಿ ಸೇರುತ್ತಿತ್ತು. ಸಂದು ಬಿಚ್ಚಿ ತಂತಿ ಸುತ್ತಿ ಬಿಗಿದರು. ಎರಡನೇ ಗಂಟೆಯ ಪರೀಕ್ಷೆಯಲ್ಲಿ ನೀರು ಒಂದು ಗೆರೆ ದಾಟಿ ನಿಂತಿತು. ಗುಜುಗುಜು ನಿಂತಿತು.

ಮೂರನೇ ಗಂಟೆಗೆ ಎರಡರ ಹತ್ತಿರ. ಒಳಗೆ ನನಗೆ ಪೇಪರಿನ ಪದಬಂಧದ ಅಕ್ಷರಗಳು ಮಸುಕಾಗುತ್ತಿದ್ದವು. ಸೆಖೆಗೆ ಅಂಗಿ ಮೈಗಂಟಿತ್ತು. ಹಲಗೆಯಿಂದ ನನ್ನದೇ ಉಸಿರಿನ ತೇವ ಹನಿಹನಿಯಾಗಿ ಕುತ್ತಿಗೆಗೆ ಬೀಳುತ್ತಿತ್ತು. ನಾಲ್ಕನೇ ಗಂಟೆಯಲ್ಲಿ ಬಾಯಿ ತೆರೆದು ಉಸಿರಾಡುತ್ತಿದ್ದೇನೆ ಎಂದು ಅರಿವಾಯಿತು. ಮೆಟ್ಟಿಲು ಹತ್ತಿ ಬಂದವನ ಉಸಿರು, ಕೂತಲ್ಲೇ. ಹಣೆಯ ಎರಡೂ ಪಕ್ಕ ನೋವು ಮಿಡಿಯತೊಡಗಿತು. ಆದರೂ ಎದ್ದು ಹೋಗಬೇಕೆಂಬ ಗಾಬರಿ ಇರಲಿಲ್ಲ. ಅಪಾಯ ಇರುವುದೇ ಅಲ್ಲಿ ಎಂದು ನನಗೆ ಗೊತ್ತಿತ್ತು. ಇನ್ನಷ್ಟು ಏರಿದರೆ ಮಂಪರು ಬರುತ್ತದೆ. ಮಂಪರು ಬಂದವನು ಅದನ್ನೇ ಧ್ಯಾನವೆಂದುಕೊಳ್ಳಬಹುದು.

ಐದನೇ ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಹಗ್ಗ ಎಳೆದರು. ನಾನು ಎರಡು ಸಲ ಎಳೆದು ಸರಿಯಿದ್ದೇನೆ ಎಂದು ತಿಳಿಸಿದೆ. ಸ್ವಲ್ಪ ಹೊತ್ತಿಗೆ ಗುದ್ದಲಿಯ ಸದ್ದು. ಮಣ್ಣು, ಪ್ಲಾಸ್ಟಿಕ್, ಹಲಗೆ ಒಂದೇ ಉಸಿರಿಗೆ ಕಿತ್ತು ಬಂದವು. ಬೆಳಕು ಕಣ್ಣಿಗೆ ಚುಚ್ಚಿತು. ಕ್ರೇನ್ ಆಪರೇಟರ್ ಮಂಡಿಯೂರಿ, ಎರಡೂ ಕೈ ಒಳಗೆ ಚಾಚಿದ್ದ. ಮೈಯೆಲ್ಲ ಕೆಸರು.

"ಮೂರು ಮುಟ್ಟಿತಾ?" ಎಂದೆ.

"ಇಲ್ಲ. ಈಗ ತಾನೆ ನೋಡಿದ್ದು ಎರಡು ಮುಕ್ಕಾಲು. ನನ್ಕೈಲಿ ಇನ್ನು ನೋಡೋಕಾಗ್ಲಿಲ್ಲ" ಎಂದ.

ವೈದ್ಯರು ನಾಡಿ, ರಕ್ತದೊತ್ತಡ ನೋಡಿ, ಸ್ವಲ್ಪ ಹೊತ್ತು ನೆರಳಲ್ಲಿ ಕೂರಲು ಹೇಳಿದರು. ಹೊರಗಿನ ಗಾಳಿಗೆ ಇಷ್ಟು ರುಚಿಯಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವನು ಮೇಡಂ ಮುಂದೆ ಕುಕ್ಕರಗಾಲಲ್ಲಿ ಕೂತು, ಹೀಗೆಯೇ ಹೋದರೆ ಮೂರು ದಿನಕ್ಕೆ ಎಲ್ಲಿ ಮುಟ್ಟುತ್ತದೆ ಎಂದು ಕೇಳುತ್ತಿದ್ದ. ಅವರು ಪರ್ಮಿಟ್ಟಿನ ಹಿಂಭಾಗದಲ್ಲಿ ಗಂಟೆಗಳನ್ನೂ ಗೆರೆಗಳನ್ನೂ ಗುರುತು ಹಾಕಿ ಓರೆಗೆರೆ ಎಳೆದರು. ಹತ್ತನೇ ಗೆರೆಯ ಹತ್ತಿರ ಪೆನ್ಸಿಲ್ ನಿಲ್ಲಿಸಿ, ಇಲ್ಲಿಗೆ ಬರುವುದರೊಳಗೆ ಎಚ್ಚರ ತಪ್ಪಿರುತ್ತದೆ ಎಂದರು. ಅದು ಮೊದಲ ದಿನವೂ ಮುಗಿಯದ ಜಾಗ. ಹಾಳೆ ಇನ್ನೂ ಬಹಳ ಉದ್ದ ಉಳಿದಿತ್ತು. ಅವನು ಉಳಿದ ಖಾಲಿ ಹಾಳೆಯನ್ನೇ ನೋಡುತ್ತ ಕೂತ. ಹೆಂಡತಿ ಬಂದು ಅವನ ಪಕ್ಕದಲ್ಲಿ ಕೂತಳು.

ಶಿಷ್ಯರಲ್ಲೊಬ್ಬರು ಮಾತ್ರ ಇದು ಸಾಮಾನ್ಯನ ಉಸಿರು, ಗುರುಗಳು ಉಸಿರನ್ನೇ ನಿಲ್ಲಿಸುತ್ತಾರಲ್ಲ ಎಂದರು. ನಾನು ಬಾಯಿ ತೆರೆಯುವ ಮೊದಲೇ ಕ್ರೇನ್ ಆಪರೇಟರ್, ಹಾಗಾದರೆ ಅವರನ್ನೇ ಕೇಳಿಬಿಡೋಣ ಎಂದು ಎದ್ದ.

ಯೋಗಿ ಇಳಿದುಕೊಂಡಿದ್ದ ಕೋಟೆಯ ಛತ್ರಕ್ಕೆ ಅಂದೇ ಸಂಜೆ ಬಸ್ಸು ಹಿಡಿದು ಹೋದೆವು. ಅವನು ನಮಸ್ಕಾರ ಮಾಡಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಮೂರು ದಿನ ಕೂರುವ ಯೋಚನೆ ಮಾಡಿದ್ದನ್ನೂ ಹೇಳಿದ. ಯೋಗಿಯ ಮುಖ ಕಳೆಗುಂದಿತು. ಆಮೇಲೆ ಅವನು ತುಂಬ ಮೆತ್ತಗೆ, ಪ್ಲಾಸ್ಟಿಕ್ ಹೊದಿಸಿದ ಗುಂಡಿಯಲ್ಲಿ ತಾವು ಕೂರುತ್ತೀರಾ ಎಂದು ಕೇಳಿದ.

"ಮಣ್ಣು ಉಸಿರಾಡ್ಬೇಕಪ್ಪ" ಎಂದರು ಅವರು. "ಅದು ಉಸಿರಾಡಿದ್ರೇನೆ ನಾನು ಉಸಿರಾಡೋದು."

ಹಾಗಿದ್ದರೆ ಮೈಕಿನಲ್ಲಿ ಉಸಿರು ನಿಲ್ಲಿಸುತ್ತಾರೆ ಎನ್ನುವುದೇಕೆ ಎಂದು ನಾನು ಕೇಳಿದೆ. ಸಾರುವವರು ತಾವಲ್ಲ ಎಂದರು. ತಡೆದವರೂ ತಾವಲ್ಲ ಎಂದೆ. ಅವರು ತಲೆ ತಗ್ಗಿಸಿದರು. ಬೀಳ್ಕೊಡುವಾಗ ಕ್ರೇನ್ ಆಪರೇಟರನ ಭುಜ ಹಿಡಿದು, ಇಂಥ ಸಾಹಸ ಮತ್ತೆ ಮಾಡಬೇಡ, ಬೆಳಗಿನ ಪ್ರಾಣಾಯಾಮ ಮಾತ್ರ ಬಿಡಬೇಡ ಎಂದರು. ಆ ವಾರವೇ ಅವರು ಊರು ಬಿಟ್ಟರು. ಅವನು ಪ್ರಾಣಾಯಾಮ ಬಿಡಲಿಲ್ಲ. ಕುಡಿತಕ್ಕೂ ಮರಳಲಿಲ್ಲ.

ತಿಂಗಳ ನಂತರ ಭದ್ರಾವತಿಯಲ್ಲಿ ನಾವು ಬಹಿರಂಗ ಪ್ರಯೋಗ ಇಟ್ಟೆವು. ಯೋಗಿಯ ಅಳತೆಯ ಗುಂಡಿ, ಹಲಗೆ, ಗೋಣಿ, ಸಡಿಲ ಮಣ್ಣು. ಪ್ಲಾಸ್ಟಿಕ್ ಇಲ್ಲ. ಇಳಿಯುವುದಕ್ಕೆ ನಾನು ಪಂಚೆ ಬಿಗಿಯುತ್ತಿದ್ದಾಗ ಕ್ರೇನ್ ಆಪರೇಟರ್ ತಡೆದು, ಈ ಸಲ ತನ್ನ ಸರದಿ ಎಂದ. ಪರ್ಮಿಟ್ಟಿಗೆ ಕಾವಲಿನವರ ಜಾಗದಲ್ಲಿ ಅವನ ಹೆಂಡತಿ ಸಹಿ ಹಾಕಿದಳು. ಹಗ್ಗವನ್ನು ಸೆರಗಿನ ಜೊತೆ ಸೊಂಟಕ್ಕೆ ಒಂದು ಸುತ್ತು ಸುತ್ತಿಕೊಂಡಳು. ಬೆಳಗ್ಗೆ ಎಂಟರಿಂದ ಗಾಜಿನ ಕೊಳವೆಯ ಸುತ್ತ ಜನ ಮುತ್ತಿಕೊಂಡಿದ್ದರು. ಪ್ರತಿ ಗಂಟೆಗೂ ಮೇಡಂ ನೀರು ಏರಿಸಿ ಇಳಿಸಿ ತೋರಿಸುವಾಗ ಕಾರ್ಖಾನೆಯ ಜನ ತಾವೇ ಗೆರೆ ಎಣಿಸಿ ಕೂಗಿ ಹೇಳುತ್ತಿದ್ದರು. ಐದು ಗಂಟೆ ಕಳೆದರೂ ನೀರು ಒಂದೂವರೆ ಗೆರೆ ದಾಟಲಿಲ್ಲ. ಒಳಗಿನಿಂದ ಎರಡೆರಡು ಎಳೆತ ತಪ್ಪದೆ ಬರುತ್ತಿತ್ತು. ಇನ್ನೂ ಐದು ಗಂಟೆ ಕೂರಬಲ್ಲ ಎಂದು ಮೇಡಂ ಹೇಳಿದಾಗ ಜನ ಚಪ್ಪಾಳೆ ತಟ್ಟಿದರು.

ಅವನ ಹೆಂಡತಿ ಮಾತ್ರ ಗಡಿಯಾರ ನೋಡಿ ಹಗ್ಗವನ್ನು ಮೂರು ಸಲ ಜಗ್ಗಿ, ತೆಗೀರಿ ಎಂದಳು. ಏನಾಯಿತೆಂದು ನಾನು ಗಾಬರಿಯಿಂದ ಗುದ್ದಲಿ ಹಿಡಿದೆ. ಮಣ್ಣು ಸರಿಸಿ ಹಲಗೆ ಎತ್ತಿದಾಗ ಅವನು ಕಣ್ಣು ಕಿರಿದು ಮಾಡಿ ಮೇಲೆ ನೋಡುತ್ತಿದ್ದ. ಬೆವರಿದ್ದ, ಆರಾಮಾಗಿದ್ದ.

"ಗಂಟೆ ಒಂದೂಕಾಲಾಯ್ತು. ಎರಡು ಗಂಟೆಗೆ ಶಿಫ್ಟು" ಎಂದಳು.

ಅವನು ಏಣಿ ಹತ್ತಿ ಬಂದು ತಲೆಯ ಮಣ್ಣು ಕೊಡವಿಕೊಂಡ. ಒಬ್ಬ ಮುದುಕಿ ಜನರನ್ನು ಸೀಳಿಕೊಂಡು ಬಂದು ಕಾಲು ಮುಟ್ಟಲು ಬಗ್ಗಿದಳು. ಅವನು ಅವಳ ತೋಳು ಹಿಡಿದು ಎತ್ತಿ, ತಾನು ಕ್ರೇನ್ ಓಡಿಸುವವನು ಎಂದು ಹೇಳಿ, ಹೆಂಡತಿಯ ಕೈಯಿಂದ ಊಟದ ಡಬ್ಬಿ ಇಸಕೊಂಡ. ಸೈಕಲ್ ಹತ್ತಿದ. ಜನ ದಾರಿ ಬಿಟ್ಟರು. ಅವನು ಗಂಟೆ ಬಾರಿಸುತ್ತ ಕಾರ್ಖಾನೆಯ ಕಡೆ ಹೊರಟ.